ಬೂದು ಪಾರಿವಾಳ: ಪ್ಯೋತ್ರ್ ಮಾಮೊನೊವ್‌ನ ಈ ಹಾಡು ಭಕ್ತಿಗೀತೆಯೇ?

ಹಳೇಟೇಪು

ಮೂರು ವಾರ ಆಯ್ತು, ಒಂದೇ ಹಾಡು. ಮನೆಯಲ್ಲಿ ಯಾರಿಗೂ ಸಹಿಸೋಕೆ ಆಗ್ತಿಲ್ಲ, ಅದಕ್ಕೇ ಇಲ್ಲಿಗೆ ತಂದಿದ್ದೀನಿ.

ಶುರುವಾಗಿದ್ದು ಸಿನಿಮಾದಿಂದ. ಪಾವೆಲ್ ಲುಂಗಿನ್ ನಿರ್ದೇಶನದ ‘ಒಸ್ತ್ರೋವ್’, ಅಂದರೆ ದ್ವೀಪ, 2006ರದ್ದು. ಉತ್ತರದ ಬಿಳಿ ಸಮುದ್ರದ ದಡದಲ್ಲಿ ಒಂದು ಮಠ. ಅಲ್ಲಿ ಅನತೋಲಿ ಅನ್ನೋ ಸನ್ಯಾಸಿ ಬಾಯ್ಲರ್ ಕೋಣೇಲಿ ಕಲ್ಲಿದ್ದಲು ತುಂಬಿಸಿಕೊಂಡು, ಆ ಕಲ್ಲಿದ್ದಲ ರಾಶಿ ಮೇಲೇ ಮಲಗಿಕೊಂಡು ಬದುಕ್ತಾನೆ. ಯುದ್ಧಕಾಲದಲ್ಲಿ ಜರ್ಮನ್ನರ ಬಂದೂಕಿಗೆ ಹೆದರಿ ತನ್ನ ಕ್ಯಾಪ್ಟನ್‌ಗೇ ಗುಂಡು ಹೊಡೆದವನು. ಮೂವತ್ತು ಚಿಲ್ಲರೆ ವರ್ಷ ಆದರೂ ಆ ಪಾಪ ಅವನ ಬೆನ್ನು ಬಿಟ್ಟಿಲ್ಲ. ಆ ಮುಖ ನೋಡಿ, ಇವನು ನಟನೇ ಅಲ್ಲ, ಯಾವುದೋ ಮಠದಿಂದ ನಿಜವಾದ ಸನ್ಯಾಸಿಯನ್ನೇ ಎತ್ತಿಕೊಂಡು ಬಂದಿದ್ದಾರೆ ಅಂದುಕೊಂಡಿದ್ದೆ.

ಹುಡುಕಿದರೆ ಮನುಷ್ಯ ಸಂಗೀತಗಾರ! ಪ್ಯೋತ್ರ್ ಮಾಮೊನೊವ್, 1951ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವನು. ಎಂಬತ್ತರ ದಶಕದಲ್ಲಿ ‘ಜ್ವುಕಿ ಮು’ ಅನ್ನೋ ಭೂಗತ ರಾಕ್ ತಂಡದ ಗಾಯಕ. ‘ಮು’ ಅಂದರೆ ರಷ್ಯನ್ ಹಸುವಿನ ಅಂಬಾ. ಹೆಸರಲ್ಲೇ ತಮಾಷೆ. 1988ರಲ್ಲಿ ಈ ತಂಡ ‘ಸರಳ ಸಂಗತಿಗಳು’ ಅನ್ನೋ ಅರ್ಥದ ಹೆಸರಿನ ಒಂದು ಆಲ್ಬಮ್ ಮಾಡಿತು. ಅದರಲ್ಲಿದೆ ‘ಸೇರಿ ಗೋಲುಬ್’, ಬೂದು ಪಾರಿವಾಳ.

ಹಾಡೋದು ಪಾರಿವಾಳವೇ. ನಾನು ಕೊಳಕು, ಬಡಕಲು, ನನ್ನ ಕತ್ತು ಸಣ್ಣ, ಅದನ್ನು ಹಿಚುಕೋಕೆ ನಿನ್ನ ಕೈ ನಡುಗೋದೂ ಇಲ್ಲ ಅನ್ನುತ್ತೆ. ನಾನು ನಿನಗಿಂತ ಕಡೆ, ಯಾರಿಗೂ ಬೇಡದವನು, ಹೊಲಸು, ಕಸ ಅಂತ ತನ್ನನ್ನೇ ಬೈದುಕೊಳ್ಳುತ್ತೆ. ಆಮೇಲೆ ಒಂದೇ ಸಾಲು: ಆದರೂ ನಾನು ಹಾರಬಲ್ಲೆ.

ಅಷ್ಟೇ ಹಾಡು. ವಾದ್ಯಗಳು ಮೊಂಡು ಹಿಡಿದವರ ಹಾಗೆ ಸುತ್ತಿದ್ದನ್ನೇ ಸುತ್ತುತ್ತಿರುತ್ತವೆ. ದನಿ ಅರ್ಧ ಗೊಣಗಾಟ, ಅರ್ಧ ಅರಚಾಟ. ನನಗೆ ಇದು ಶುದ್ಧ ಭಕ್ತಿಗೀತೆ ಅನ್ನಿಸಿತು. ಬೇರೆ ಯಾರಾದರೂ ಕೇಳಿದ್ದೀರಾ?

ಅನುಮಾನಪ್ಪ

ಕೇಳಿದೆ. ಭಕ್ತಿ ಎಲ್ಲಿ ಸಿಕ್ಕಿತು ಸ್ವಾಮಿ?

ನೀವು ಮೊದಲು ಸಿನಿಮಾ ನೋಡಿದಿರಿ, ಆಮೇಲೆ ಹಾಡು ಕೇಳಿದಿರಿ. ಸಿನಿಮಾದ ಕಾವಿಯನ್ನು ಅದಕ್ಕಿಂತ ಹದಿನೆಂಟು ವರ್ಷ ಹಳೆಯ ಹಾಡಿಗೆ ಹೊದಿಸಿದಿರಿ. 1988ರ ಮಾಮೊನೊವ್ ಸನ್ಯಾಸಿಯಲ್ಲ, ಕುಡುಕ. ಆತನ ಧಾರ್ಮಿಕ ತಿರುವು ತೊಂಬತ್ತರ ದಶಕದ್ದು. ಮಾಸ್ಕೋ ಬಿಟ್ಟು ವೆರೆಯಾ ಊರಿನ ಬಳಿಯ ಯೆಫಾನೊವೊ ಹಳ್ಳಿಗೆ ಹೋಗಿ ನೆಲೆಸಿದ್ದೂ ಆಗಲೇ.

ಅದೇ ಆಲ್ಬಮ್‌ನಲ್ಲಿ ನೊಣದ ಹಾಡೊಂದಿದೆ, ಅದನ್ನೂ ಕೇಳಿ. ನೊಣ ರೋಗದ ಮೂಲ ಅಂತ ಯಾರೋ ಹೇಳಿದರಂತೆ. ನಂಬಬೇಡ, ರೋಗದ ಮೂಲ ನೀನೇ ಅಂತ ಗೆಳತಿಗೆ ಹೇಳ್ತಾನೆ. ಅದೂ ಭಕ್ತಿಗೀತೆನಾ? ಈ ತಂಡದ ಕಸುಬೇ ವಿಕಾರ. ಸೋವಿಯತ್ ಪೋಸ್ಟರ್‌ನಲ್ಲಿ ನಗುತ್ತಾ ನಿಂತಿರೋ ಗಟ್ಟಿಮುಟ್ಟಾದ ಕಾರ್ಮಿಕನ ಎದುರಿಗೆ ಜೊಲ್ಲು ಸುರಿಸಿಕೊಂಡು, ಕೈಕಾಲು ಸೆಟೆಸಿಕೊಂಡು ನಿಲ್ಲೋನು ಇವನು. ಪಾರಿವಾಳವೂ ಆ ಗುಂಪಿನದೇ.

ಇನ್ನೊಂದು ವಿಷಯ. ಅದು ಅಲ್ಲಿ ‘ಕಸ’ದ ಹಕ್ಕಿಯಾದದ್ದು ಹೇಗೆ ಗೊತ್ತಾ? 1957ರಲ್ಲಿ ಮಾಸ್ಕೋದಲ್ಲಿ ವಿಶ್ವ ಯುವಜನೋತ್ಸವ ನಡೆದಾಗ ಶಾಂತಿಯ ಸಂಕೇತ ಅಂತ ಸರ್ಕಾರವೇ ಪಾರಿವಾಳ ಸಾಕಿಸಿತ್ತು. ಪೋಸ್ಟರ್ ಮೇಲೆ ಬಿಳಿ ಪಾರಿವಾಳ, ಕಸದ ತೊಟ್ಟಿ ಹತ್ತಿರ ಬೂದು ಪಾರಿವಾಳ. ಈ ಹಾಡು ಎರಡನೆಯದರ ಬಾಯಲ್ಲಿದೆ. ಇದು ವ್ಯಂಗ್ಯ ಕಣ್ರೀ, ಪ್ರಾರ್ಥನೆ ಅಲ್ಲ.

ಬಾಲ್ಕನಿ ರಾಮು

ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಪಾರಿವಾಳಕ್ಕೆ ಬಲೆ ಹಾಕಿಸಿದ್ದೇ ಮೊನ್ನೆ. ಈ ಹಾಡನ್ನು ನನ್ನ ಹೆಂಡತಿಗೆ ಕೇಳಿಸೋ ಹಾಗಿಲ್ಲ.

ವೋಲ್ಗಾಮೇಡಂ

ನಾನು ರಷ್ಯಾದಲ್ಲಿ ಆರು ವರ್ಷ ಎಂಬಿಬಿಎಸ್ ಓದಿದವಳು. ಹಾಸ್ಟೆಲ್ ಅಡುಗೆಮನೆಯಲ್ಲಿ ಒಬ್ಬ ಸ್ಥಳೀಯ ಹುಡುಗ ಪಾತ್ರೆ ತೊಳೀತಾ ಈ ಕೊನೆಯ ಸಾಲನ್ನು ಗಂಟಲು ಹರಿಯೋ ಹಾಗೆ ಕಿರುಚ್ತಿದ್ದ. ಪರೀಕ್ಷೆಯಲ್ಲಿ ಫೇಲ್ ಆದ ದಿನಗಳಲ್ಲಿ ಇನ್ನೂ ಜೋರಾಗಿ. ನಾನು ಮೊದಲು ಕಲಿತ ರಷ್ಯನ್ ವಾಕ್ಯಗಳಲ್ಲಿ ಇದೂ ಒಂದು: ‘ಜತೋ ಯಾ ಉಮೇಯು ಲೆತಾತ್’.

ಹಳೇಟೇಪು ಸರ್, ನಿಮ್ಮ ಅನುವಾದ ಇಂಗ್ಲಿಷ್ ದಾರಿಯಲ್ಲಿ ಬಂದ ಹಾಗಿದೆ. ನೇರ ರಷ್ಯನ್‌ನಿಂದ ಬಂದರೆ ನಮ್ಮ ಭಾಷೆಗೆ ಕೆಲವು ವಿಷಯ ಬಿಟ್ಟಿಯಾಗಿ ಸಿಗುತ್ತೆ.

‘ಗೋಲುಬ್’ ಅನ್ನುವಾಗ ಬೀದಿಯ ಪಾರಿವಾಳ, ಬೈಬಲ್ಲಿನ ಪಾರಿವಾಳ ಎರಡೂ ಒಂದೇ ಪದ. ಇಂಗ್ಲಿಷಿನವರಿಗೆ ‘ಪಿಜನ್’, ‘ಡವ್’ ಎರಡರಲ್ಲಿ ಒಂದನ್ನು ಆರಿಸಬೇಕು, ಆರಿಸಿದ ಕೂಡಲೇ ಹಾಡಿನ ಅರ್ಧ ಜೀವ ಹೋಯ್ತು. ನಮಗೆ ಆ ಕಷ್ಟವೇ ಇಲ್ಲ.

‘ಉಮೇಯು’ ಅಂದರೆ ‘ಬಲ್ಲೆ’ ಅನ್ನೋದು ಸರಿಯೇ, ಆದರೆ ಸ್ವಲ್ಪ ಪುಸ್ತಕದ ಮಾತಾಯ್ತು. ರಷ್ಯನ್‌ನಲ್ಲಿ ‘ನನ್ನಿಂದ ಆಗುತ್ತೆ’ ಅನ್ನೋದಕ್ಕೆ ಬೇರೆ ಪದ ಇದೆ. ‘ಉಮೇಯು’ ಅನ್ನೋದು ನಾವು ‘ನನಗೆ ಈಜು ಬರುತ್ತೆ’, ‘ನನಗೆ ಹೊಲಿಗೆ ಬರುತ್ತೆ’ ಅಂತೀವಲ್ಲ, ಆ ‘ಬರುತ್ತೆ’. ಕಲಿತು ಮೈಗೂಡಿದ್ದು. ‘ನನಗೆ ಹಾರೋಕೆ ಬರುತ್ತೆ.’ ಹೀಗೆ ಹೇಳಿ ನೋಡಿ, ಪಾರಿವಾಳ ಎಷ್ಟು ಚಿಕ್ಕ ಮಗು ಆಗಿಬಿಡುತ್ತೆ!

ಕಷ್ಟ ಇರೋದು ‘ಜತೋ’ದಲ್ಲಿ. ಅದು ಬರೀ ‘ಆದರೆ’ ಅಲ್ಲ. ಒಂದು ಕಡೆ ಕಳಕೊಂಡಿದ್ದಕ್ಕೆ ಇನ್ನೊಂದು ಕಡೆ ತಕ್ಕಡಿ ತೂಗಿಸೋ ‘ಆದರೆ’. ಮನೆ ಚಿಕ್ಕದು, ಜತೋ ಗಾಳಿ ಬೆಳಕು ಚೆನ್ನಾಗಿದೆ. ಇದಕ್ಕೆ ಕನ್ನಡದಲ್ಲಿ ಒಂದೇ ಪದ ನನಗಂತೂ ಸಿಕ್ಕಿಲ್ಲ.

ಧಾರವಾಡದಾಂವ

ಅಕ್ಕಾರ, ಸಿಗಲಾರದ ಏನು! ‘ಅಂದ್ರೂ’ ಅನ್ರೀ. “ಹೊಲಸ ಅದೀನಿ, ಬಡಕ ಅದೀನಿ, ನಿನಕಿಂತಾ ಕಡೀ ಅದೀನಿ. ಅಂದ್ರೂ ನನಗ ಹಾರಾಕ ಬರ್ತದ.” ಓದಿದ ಕೂಡ್ಲೇ ನಮ್ಮ ಭಜನಾ ಮಂದಿ ಪದ ಇದ್ದಂಗ ಕೇಳತೈತಿ.

ನನಗೂ ಮೊದ್ಲ ಬಸವಣ್ಣನೋರು ನೆನಪಾದ್ರು. ‘ಎನಗಿಂತ ಕಿರಿಯರಿಲ್ಲ, ಶಿವಭಕ್ತರಿಗಿಂತ ಹಿರಿಯರಿಲ್ಲ.’ ತನ್ನನ್ನ ಇಳಿಸಿಕೊಳ್ಳೋದು ಅಂದ್ರ ಇದ.

ಅನುಮಾನಪ್ಪ

ಇದನ್ನೇ ಕಾಯ್ತಾ ಇದ್ದೆ. ಯಾವ ಊರಿನ ಯಾವ ಹಾಡು ಬಂದರೂ ಮೂರನೇ ಕಾಮೆಂಟಿಗೆ ವಚನ ಬರಲೇಬೇಕು ನಮಗೆ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬಸವಣ್ಣ ತನ್ನನ್ನು ಇಳಿಸಿದ ಉಸಿರಿನಲ್ಲೇ ಬೇರೆಯವರನ್ನು ಏರಿಸ್ತಾನೆ. ಈ ಪಾರಿವಾಳ ತನ್ನನ್ನು ಇಳಿಸಿ, ಆಮೇಲೆ ಏರಿಸೋದೂ ತನ್ನನ್ನೇ. ‘ನನಗೆ ಹಾರೋಕೆ ಬರುತ್ತೆ’ ಅನ್ನುವಾಗ ‘ನಿನಗೆ ಬರಲ್ಲ’ ಅನ್ನೋದು ಒಳಗೇ ಇದೆ. ಇದು ವಿನಯವಲ್ಲ, ಜಂಭ. ಚೆನ್ನಾಗಿರೋ ಜಂಭ, ಒಪ್ಪುತ್ತೇನೆ.

ಕಡಲಕಾಗೆ

ಮಂಗಳೂರಿನಿಂದ. ನಾವು ಇಗರ್ಜಿಗೆ ಹೋಗುವವರು, ಪಾರಿವಾಳ ಅಂದರೆ ನಮಗೆ ಪವಿತ್ರಾತ್ಮ. ಯೋರ್ದಾನ್ ನದಿಯಲ್ಲಿ ಯೇಸುವಿಗೆ ಸ್ನಾನದೀಕ್ಷೆ ಆಗುವಾಗ ಆಕಾಶದಿಂದ ಇಳಿದು ಬಂದದ್ದು ಅದೇ ಅಲ್ಲವಾ? ರಷ್ಯದ ಚಿತ್ರಪಟಗಳಲ್ಲಿಯೂ ಆ ದೃಶ್ಯ ಉಂಟು. ಹಾಗಾಗಿ ಅಲ್ಲಿ ಬೆಳೆದವರ ಕಿವಿಗೆ ‘ಗೋಲುಬ್’ ಅಂತ ಬಿದ್ದರೆ ಎಷ್ಟು ನಾಸ್ತಿಕನಾದರೂ ಹಿಂದಿನಿಂದ ಒಂದು ಗಂಟೆಯ ಸದ್ದು ಬಂದೇ ಬರುತ್ತದೆ ಮಾರಾಯ್ರೆ.

ಇನ್ನು ಅನುಮಾನಪ್ಪನವರು ವಿಕಾರ ಅಂದದ್ದಕ್ಕೆ. ರಷ್ಯದ ಕ್ರೈಸ್ತರಲ್ಲಿ ‘ಯುರೋದಿವಿ’ ಅಂತ ಒಂದು ಪರಂಪರೆ ಉಂಟು. ದೇವರಿಗಾಗಿ ಹುಚ್ಚರಾದವರು. ಹರಕು ಬಟ್ಟೆ, ಬರಿಗಾಲು, ಚಳಿಗಾಲದಲ್ಲಿಯೂ ಬೆತ್ತಲೆ, ಬಾಯಿಗೆ ಬಂದ ಹಾಗೆ ಬೈಯುವುದು, ರಾಜನ ಮುಖಕ್ಕೇ ಸತ್ಯ ಹೇಳುವುದು. ಮಾಸ್ಕೋದ ಕೆಂಪು ಚೌಕದಲ್ಲಿ ಬಣ್ಣಬಣ್ಣದ ಈರುಳ್ಳಿ ಗುಮ್ಮಟದ ಆ ಚರ್ಚು ಉಂಟಲ್ಲ, ಫೋಟೋದಲ್ಲಿ ಎಲ್ಲರೂ ನೋಡಿದ್ದೇವೆ, ಅದನ್ನು ಜನ ಕರೆಯುವುದೇ ಅಂಥ ಒಬ್ಬ ಹುಚ್ಚ ಸಂತ ವಸೀಲಿಯ ಹೆಸರಿನಿಂದ. ಹದಿನಾರನೇ ಶತಮಾನದವನು. ಅಂದರೆ ಆ ದೇಶದಲ್ಲಿ ವಿಕಾರಕ್ಕೂ ಭಕ್ತಿಗೂ ಹಳೆಯ ನಂಟು. ಕೈಕಾಲು ಸೆಟೆಸಿಕೊಂಡು ಜೊಲ್ಲು ಸುರಿಸುವವನನ್ನು ಕಂಡರೆ ಅಲ್ಲಿಯ ಅಜ್ಜಿಯಂದಿರು ಮೊದಲು ಶಿಲುಬೆ ಗುರುತು ಹಾಕುತ್ತಿದ್ದರೋ ಏನೋ.

ಹಳೇಟೇಪು

ಕಡಲಕಾಗೆಯವರೇ, ನಿಮಗೆ ಒಂದು ಕಾಫಿ ಬಾಕಿ. ‘ಒಸ್ತ್ರೋವ್’ನ ಅನತೋಲಿಯೂ ಹಾಗೇ. ಇನ್ನೊಬ್ಬ ಫಾದರ್‌ನ ದುಬಾರಿ ಬೂಟನ್ನು ಒಲೆಗೆ ಹಾಕಿ ಸುಡ್ತಾನೆ. ಪ್ರಾರ್ಥನೆ ಹೊತ್ತಲ್ಲಿ ಚೇಷ್ಟೆ ಮಾಡ್ತಾನೆ. ಮಠದವರಿಗೆ ಅವನನ್ನು ಏನು ಮಾಡಬೇಕೋ ತಿಳಿಯಲ್ಲ.

ತಂಡದ ಬಗ್ಗೆ ಓದ್ತಾ ಸಿಕ್ಕ ಸಂಗತಿ: ಬಾಸ್ ಗಿಟಾರ್ ನುಡಿಸ್ತಿದ್ದ ಅಲೆಕ್ಸಾಂದ್ರ್ ಲಿಪ್ನಿತ್ಸ್ಕಿ ಹಳೆಯ ಧಾರ್ಮಿಕ ಚಿತ್ರಪಟಗಳ ಸಂಗ್ರಾಹಕ. ಬಾಸ್ ಮುಟ್ಟಿದ್ದೇ ಮೂವತ್ತು ದಾಟಿದ ಮೇಲೆ. ಲೀಡ್ ಗಿಟಾರ್ ಮಾಮೊನೊವ್‌ನ ತಮ್ಮ ಅಲೆಕ್ಸೇಯ್ ಬೊರ್ತ್ನಿಚುಕ್. ಮೊದಲ ಕಛೇರಿ 1984ರಲ್ಲಿ, ಮಾಸ್ಕೋದ ಒಂದು ಶಾಲೆಯಲ್ಲಿ. ಆಗ ಇಡೀ ದೇಶಕ್ಕೆ ಇದ್ದ ರೆಕಾರ್ಡ್ ಕಂಪನಿ ಸರ್ಕಾರದ್ದೊಂದೇ. ಇಂಥವರ ಹಾಡು ಹಬ್ಬಿದ್ದು ಒಬ್ಬರ ಮನೆಯ ಟೇಪಿನಿಂದ ಇನ್ನೊಬ್ಬರ ಮನೆಯ ಟೇಪಿಗೆ. ನನ್ನ ಕಾಲದಲ್ಲಿ ನಾವೂ ಹಾಗೇ ಮಾಡ್ತಿದ್ದೆವು, ಆದರೆ ನಮಗೆ ಹೆದರಿಕೆ ಇದ್ದದ್ದು ಟೇಪು ಸಿಕ್ಕಿಹಾಕಿಕೊಳ್ಳೋದಕ್ಕೆ ಮಾತ್ರ, ಪೊಲೀಸಿಗಲ್ಲ.

ಇಂಗ್ಲೆಂಡಿನ ಸಂಗೀತಗಾರ ಬ್ರಯನ್ ಈನೋ 1989ರಲ್ಲಿ ಇವರದ್ದೊಂದು ಆಲ್ಬಮ್ ಮಾಡಿಸಿ ಪಶ್ಚಿಮದಲ್ಲಿ ಬಿಡುಗಡೆ ಮಾಡಿಸಿದ. ಅಷ್ಟಾದರೂ ಹೊರಗೆ ಇವರ ಹೆಸರು ಗೊತ್ತಿರೋರು ಕಮ್ಮಿ. ಲಿಪ್ನಿತ್ಸ್ಕಿ 2021ರ ಮಾರ್ಚಿನಲ್ಲಿ ಹೆಪ್ಪುಗಟ್ಟಿದ ಮಾಸ್ಕೋ ನದಿಯ ಮೇಲೆ ಸ್ಕೀ ಮಾಡ್ತಿದ್ದಾಗ ಹಿಮ ಒಡೆದು ತೀರಿಕೊಂಡರು. ಅದೇ ಜುಲೈ 15ಕ್ಕೆ ಮಾಮೊನೊವ್ ಕೊರೋನಾದಲ್ಲಿ ಹೋದರು.

ಜಂಭದ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಎರಡು ದಿನದಿಂದ ಅದೇ ಕೊರೀತಿದೆ.

ಅನುಮಾನಪ್ಪ

ಕೊರೆಯಲಿ ಅಂತಲೇ ಹೇಳಿದ್ದು 🙂

ಇನ್ನೊಂದು ಆಣಿ ಹೊಡೀತೀನಿ. ಅದೇ ಲುಂಗಿನ್‌ನ ಮೊದಲ ಸಿನಿಮಾ ‘ಟ್ಯಾಕ್ಸಿ ಬ್ಲೂಸ್’, 1990. ಕಾನ್ ಚಿತ್ರೋತ್ಸವದಲ್ಲಿ ನಿರ್ದೇಶಕನಿಗೆ ಪ್ರಶಸ್ತಿ ಬಂತು. ಅದರಲ್ಲಿ ಮಾಮೊನೊವ್ ಒಬ್ಬ ಕುಡುಕ ಸ್ಯಾಕ್ಸೊಫೋನ್ ವಾದಕ. ಟ್ಯಾಕ್ಸಿ ಬಾಡಿಗೆ ಕೊಡದೆ ಓಡಿಹೋಗ್ತಾನೆ. ಚಾಲಕ ಅವನನ್ನು ಹಿಡಿದು, ಬಡಿದು, ದುಡಿಸಿ ‘ಮನುಷ್ಯನನ್ನಾಗಿ’ ಮಾಡೋಕೆ ಹೊರಡ್ತಾನೆ. ಚಾಲಕನಿಗೆ ಮೈಕಟ್ಟು ಇದೆ, ಶಿಸ್ತಿದೆ, ದುಡಿಮೆ ಇದೆ. ಇವನಿಗೆ ಏನೂ ಇಲ್ಲ, ಸ್ಯಾಕ್ಸೊಫೋನ್ ಬಿಟ್ಟರೆ. ಆದರೆ ಅದನ್ನು ಊದಿದ ಕ್ಷಣ ಚಾಲಕ ಪೂರ್ತಿ ಸೋತು ಕೂರ್ತಾನೆ.

ಬೂದು ಪಾರಿವಾಳ ಅಂದರೆ ಇದೇ. ಕತ್ತು ಹಿಚುಕೋ ಕೈ ಚಾಲಕನದು. ‘ಜತೋ’ ಕಲಾವಿದನ ಮಾತು, ಭಕ್ತನದ್ದಲ್ಲ. ನಾನು ಪ್ರಯೋಜನಕ್ಕೆ ಬಾರದವನು, ಅಂದ್ರೂ ನಿಮಗ್ಯಾರಿಗೂ ಬರದೇ ಇರೋದೊಂದು ನನಗೆ ಬರುತ್ತೆ. ಯಾವ ಊರಿನ ಪಾಪರ್ ಕಲಾವಿದನೂ ಬಾಡಿಗೆ ಕೇಳೋಕೆ ಬಂದ ಮಾಲೀಕನಿಗೆ ಮನಸ್ಸಿನಲ್ಲೇ ಹೇಳೋ ಮಾತು.

ಕಡಲಕಾಗೆ

ಹಾಗಾದರೆ ಹಾಡಿನ ‘ನೀನು’ ದೇವರು ಆಗಲಿಕ್ಕೆ ಸಾಧ್ಯವೇ ಇಲ್ಲವಾ?

ವೋಲ್ಗಾಮೇಡಂ

ರಷ್ಯನ್‌ನಲ್ಲೂ ದೇವರಿಗೆ ಏಕವಚನವೇ, ನಮ್ಮ ಹಾಗೆ. ಗೆಳೆಯ, ಹೆಂಡತಿ, ನಾಯಿ, ದೇವರು, ಎಲ್ಲರೂ ‘ತೀ’. ವ್ಯಾಕರಣ ಅಡ್ಡ ಬರಲ್ಲ. ಆದರೆ ‘ನಾನು ನಿನಗಿಂತ ಕಡೆ’ ಅಂತ ದೇವರಿಗೆ ಯಾರು ಹೇಳ್ತಾರೆ? ಹೋಲಿಸಿಕೊಳ್ಳೋದು ಸಮಾನರ ಜೊತೆ. ಆ ‘ನೀನು’ ಎದುರಿಗೆ ನಿಂತಿರೋ ಮನುಷ್ಯ. ಕೇಳ್ತಿರೋ ನಾನೇ ಅಂದುಕೊಂಡರೂ ನಡೆಯುತ್ತೆ. ನನ್ನ ಕೈಯಲ್ಲೂ ಒಂದು ಕತ್ತು ಇದೆ.

ಅನುಮಾನಪ್ಪನವರ ಟ್ಯಾಕ್ಸಿ ಬ್ಲೂಸ್ ವಾದ ನನಗೆ ಪೂರ್ತಿ ಒಪ್ಪಿಗೆ. ಒಪ್ಪಿದ ಮೇಲೆ ‘ಒಸ್ತ್ರೋವ್’ ಇನ್ನೊಂದು ಸಲ ನೋಡಿದೆ, ನಿನ್ನೆ ರಾತ್ರಿ ಡ್ಯೂಟಿ ಮುಗಿಸಿ ಬಂದು. ಒಂದು ವಿಷಯ ಎದ್ದು ಕಾಣಿಸಿತು, ಬರೀತೀನಿ, ಉದ್ದ ಆದರೆ ಕ್ಷಮಿಸಿ.

ಅನತೋಲಿಗೆ ನಿಜವಾಗಿಯೂ ‘ಹಾರೋಕೆ ಬರುತ್ತೆ’. ಕಾಯಿಲೆ ವಾಸಿ ಮಾಡ್ತಾನೆ, ಮುಂದಾಗೋದು ಅವನಿಗೆ ಕಾಣಿಸುತ್ತೆ. ಹಳ್ಳಿಹಳ್ಳಿಯಿಂದ ಜನ ಹುಡುಕಿಕೊಂಡು ಬರ್ತಾರೆ. ಇವನೇನು ಮಾಡ್ತಾನೆ? ನಾನು ಸ್ವಾಮಿಯಲ್ಲ, ಅವರ ಸೇವಕ ಅನ್ನೋ ಹಾಗೆ ನಟಿಸ್ತಾನೆ. ಮೈಯೆಲ್ಲ ಕಲ್ಲಿದ್ದಲ ಮಸಿ, ಯಾರೂ ಅನುಮಾನಿಸಲ್ಲ. ಜನ ಪವಾಡ ಅನ್ನೋದೇ ಅವನಿಗೆ ಸಂಕಟ. ತನ್ನಂಥ ಕೊಲೆಗಾರನಿಗೆ ಇದೆಲ್ಲ ಯಾಕೆ ಕೊಟ್ಟೆ ಅನ್ನೋ ಹಾಗೆ ದೋಣಿ ಹತ್ತಿ ಒಂಟಿಯಾಗಿ ದ್ವೀಪಕ್ಕೆ ಹೋಗಿ ಪಾಚಿಯ ಮೇಲೆ ಬಿದ್ದು ಅಳ್ತಾನೆ.

ಅಂದರೆ ಸಿನಿಮಾದಲ್ಲಿ ಇರೋದು ಅದೇ ಹಾಡು, ‘ಜತೋ’ ಒಂದನ್ನು ಕಿತ್ತುಹಾಕಿದ್ದಾರೆ ಅಷ್ಟೆ. ನಾನು ಕೊಳಕು, ನಾನು ಕಡೆ, ನನಗೆ ಹಾರೋಕೆ ಬರುತ್ತೆ. ಮಧ್ಯೆ ‘ಅಂದ್ರೂ’ ಇಲ್ಲ. ತಕ್ಕಡಿ ಇಲ್ಲ. ಇದು ಅದಕ್ಕೆ ಸಮ ಆಗಲ್ಲ, ಇದರಿಂದ ಅದು ತೀರಲ್ಲ. ಅದಕ್ಕೇ ಅವನಿಗೆ ನಿದ್ದೆ ಇಲ್ಲ. 1988ರಲ್ಲಿ ಹಾರಾಟದಿಂದ ಲೆಕ್ಕ ಚುಕ್ತಾ ಆಗಿತ್ತು, 2006ರಲ್ಲಿ ಆಗಲಿಲ್ಲ.

ಈ ಬದಲಾವಣೆ ಬೇಕೆಂತಲೇ ಮಾಡಿದ್ದು ಅಂತ ಹೇಳ್ತಿಲ್ಲ. ಸಿನಿಮಾ ಬರೆದವರು ಬೇರೆ, ಈ ಹಾಡು ಅವರ ತಲೆಯಲ್ಲಿ ಇತ್ತೋ ಇಲ್ಲವೋ. ಆದರೆ ಎರಡನ್ನೂ ಹೇಳಿದ್ದು ಒಂದೇ ಗಂಟಲು.

ಧಾರವಾಡದಾಂವ

ಅಕ್ಕಾರ, ಕೈ ಮುಗದೆ.

ಬಾಲ್ಕನಿ ರಾಮು

ಬಲೆ ತೆಗೆಸಲ್ಲ. ಆದರೆ ಸಿನಿಮಾ ನೋಡ್ತೀನಿ.

ಅನುಮಾನಪ್ಪ

ಇದು ಒಳ್ಳೆ ಓದು. ನನ್ನ ಒಂದು ತಕರಾರು ಉಳಿಯುತ್ತೆ, ಅದನ್ನು ಹೇಳಿ ಸುಮ್ಮನಾಗ್ತೀನಿ. ಕಲೆಯ ದೃಷ್ಟಿಯಿಂದ ನನಗೆ ‘ಜತೋ’ ಇರೋ ಮಾಮೊನೊವ್ ಬೇಕು. ಹಳ್ಳಿ ಸೇರಿದ ಮೇಲಿನ ಸಂದರ್ಶನಗಳಲ್ಲಿ ಆತ ತುಂಬಾ ಬೋಧನೆ ಮಾಡ್ತಾನೆ. ಹೀಗೆ ಬದುಕಿ, ಹಾಗೆ ಬದುಕಬೇಡಿ ಅಂತ. ಅದೇ ಬಾಯಿ ಪಾರಿವಾಳವಾಗಿದ್ದಾಗ ಯಾರಿಗೂ ಏನೂ ಉಪದೇಶಿಸಲಿಲ್ಲ. ಕಸದ ತೊಟ್ಟಿಯ ಪಕ್ಕದಿಂದ ಹೇಳಿದ ಮಾತಿಗೆ ಇದ್ದ ಬಿಸಿ ಮೈಕಿನ ಮುಂದೆ ಕೂತು ಹೇಳಿದ್ದಕ್ಕೆ ಇಲ್ಲ. ಒಬ್ಬನೇ ರಂಗದ ಮೇಲೆ ನಿಂತು ಮಾಡಿದ ಏಕವ್ಯಕ್ತಿ ಪ್ರದರ್ಶನಗಳನ್ನು ಮಾತ್ರ ಇದರಿಂದ ಹೊರಗಿಡ್ತೀನಿ. ‘ಮಂಗಳ ಗ್ರಹದಲ್ಲಿ ಜೀವ ಇದೆಯೇ’, ‘ಚಾಕೊಲೇಟ್ ಪುಷ್ಕಿನ್’. ಅಲ್ಲಿ ಆ ಹಳೇ ವಿಕಾರ ಇನ್ನೂ ಉಸಿರಾಡ್ತಿದೆ.

ಹಳೇಟೇಪು

ಒಪ್ಪಿದೆ, ಭಕ್ತಿಗೀತೆ ಅನ್ನೋದನ್ನು ಶೀರ್ಷಿಕೆಯಲ್ಲಿ ಪ್ರಶ್ನೆಯಾಗಿಯೇ ಬಿಡ್ತೀನಿ. ಹೊಸಬರಿಗೆ ನೋಡುವ ಕ್ರಮ ಹೇಳಿ ಯಾರಾದರೂ.

ವೋಲ್ಗಾಮೇಡಂ

ಮೊದಲು ಹಾಡು. ಆಮೇಲೆ ‘ಇಗ್ಲಾ’, 1988ರದ್ದು, ನುಗ್ಮಾನೊವ್ ನಿರ್ದೇಶನ. ಅದರಲ್ಲಿ ವಿಕ್ತೊರ್ ತ್ಸೋಯ್ ನಾಯಕ, ಮಾಮೊನೊವ್ ಮಾದಕ ವಸ್ತು ಮಾರೋ ಡಾಕ್ಟರ್. ಡಾಕ್ಟರಾಗಿ ಹೇಳ್ತೀನಿ, ಬಹಳ ಹೆದರಿಸ್ತಾನೆ. ನಂತರ ಟ್ಯಾಕ್ಸಿ ಬ್ಲೂಸ್. ಒಸ್ತ್ರೋವ್ ಕೊನೆಗೆ. ಹಳೇಟೇಪು ಸರ್ ಉಲ್ಟಾ ದಾರಿಯಲ್ಲಿ ಬಂದಿದ್ದಕ್ಕೇ ಇಷ್ಟೆಲ್ಲ ಜಗಳ. ಐವಾನ್ ದೊರೆಯಾಗಿ ಮಾಡಿದ ‘ತ್ಸಾರ್’, 2009, ಮನಸ್ಸು ಗಟ್ಟಿ ಇದ್ದರೆ ನೋಡಿ.

ಧಾರವಾಡದಾಂವ

ರಾತ್ರಿ ಏಕತಾರಿ ಹಿಡದು ಕುಂತಿದ್ದೆ. ಒಂದು ತೊಡಕು ಬಂತು. ‘ಅಂದ್ರೂ ನನಗ ಹಾರಾಕ ಬರ್ತದ’ ಅಂತ ಹಾಡಿದ್ರ ಕಡೀಗೆ ‘ಬರ್ತದ’ ಅಂತ ನೆಲಕ್ಕ ಕುಂತು ಬಿಡತೈತಿ ಹಕ್ಕಿ. ಆಂವಾ ‘ಲೆತಾತ್’ ಅಂತ ಹಾರೂ ಮಾತಿನ ಮ್ಯಾಲ ಬಿಡ್ತಾನ, ಅಕ್ಕಾರ ಬರದಿದ್ದು ಮತ್ತ ಓದಿ ನೋಡಿದೆ.

ಅದಕ್ಕ ತಿರುವಿ ಹಾಕಿದೆ. “ಅಂದ್ರೂ ಬರ್ತದ ನನಗ ಹಾರಾಕ.”

ವೋಲ್ಗಾಮೇಡಂ

ಅಣ್ಣಾ! ಇದೇ. ‘ಹಾ’ ಮೇಲೆ ಎಳೀರಿ, ಕೊನೆಯ ‘ಕ’ ಎಳೀಬೇಡಿ. ಅವನೂ ಎಳೆಯಲ್ಲ, ಕಡಿದುಬಿಡ್ತಾನೆ.

ಅನುಮಾನಪ್ಪ

ಆಡಿಯೊ ಹಾಕ್ರೀ ಮೊದಲು.